ಮಾವನ ಮಿಲ್ಲಿನ ಬೂದಿ ಮತ್ತು ನನ್ನ 25 ಲಕ್ಷ

ಊರಿನಿಂದ ಬರುವ "ಒಂದು ಒಳ್ಳೆ ಅವಕಾಶ ಐತಿ" ಎಂಬ ಫೋನ್ ಕರೆಗಳ ಬಗ್ಗೆ ಬರೆಯಿರಿ ಎಂದು ಹಲವರು ಕೇಳಿದ್ದಿರಿ. ಸೈಟು, ತೋಟ, ಹೋಟೆಲು, ಪೆಟ್ರೋಲ್ ಬಂಕು ಎಲ್ಲ ಹಳೆಯ ಕತೆ. ನನಗೆ ಬಂದ ಕರೆ ಬೂದಿಯದು.

ಕರೆ ಮಾಡಿದ್ದು ಗಂಗಾವತಿಯಲ್ಲಿ ರೈಸ್ ಮಿಲ್ ಇಟ್ಟುಕೊಂಡಿರುವ ನನ್ನ ಸೋದರಮಾವ. "ಅಳಿಯಾ, ಬೂದಿ ಒಯ್ದು ಹಾಕಾಕ ಜಾಗ ಇಲ್ಲದಂಗ ಆಗೇತಿ. ಸುತ್ತಲ ಮನಿಯವರು ಒಣಗಾಕ ಹಾಕಿದ ಬಟ್ಟಿ ಕರ್ರಗ ಆಗ್ತಾವಂತ ಜಗಳಕ್ಕ ಬರ್ತಾರ. ನಮ್ಮ ಹುಡುಗ ಅದನ್ನ ಸಿಮೆಂಟಿನಾಗ ಹಾಕಬಹುದಂತ ಏನೋ ಲೆಕ್ಕ ಹಾಕ್ಯಾನ. ನೀನ ಕಾಂಕ್ರೀಟ್ ಕಂಪನಿಯಾಗ ಅದಿ, ಒಮ್ಮೆ ನೋಡು" ಅಂದರು. ಆ ಮೇಲೆ ಮಾವನ ಮಗ ಒಂದು ಎಕ್ಸೆಲ್ ಶೀಟ್ ಕಳಿಸಿದ. ಬೂದಿ ಪುಡಿ ಮಾಡುವ ಬಾಲ್ ಮಿಲ್, ಶೆಡ್ಡು, ಚೀಲ ತುಂಬುವ ಯಂತ್ರ ಎಲ್ಲ ಸೇರಿ 25 ಲಕ್ಷ ರೂಪಾಯಿ. ಅದು ನನ್ನ ಪಾಲು. ವರ್ಷಕ್ಕೆ 64 ಲಕ್ಷದ ವ್ಯಾಪಾರ, ಒಂದೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್!

ನಾನು ಶಾರ್ಜಾದ ಒಂದು ರೆಡಿಮಿಕ್ಸ್ ಕಾಂಕ್ರೀಟ್ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಎಂಜಿನಿಯರ್ ಅಲ್ಲ. ಆದರೆ ಒಂದು ಕ್ಯುಬಿಕ್ ಮೀಟರ್ ಕಾಂಕ್ರೀಟಿಗೆ ಏನೇನು ಬೀಳುತ್ತದೆ, ಪ್ರತಿಯೊಂದಕ್ಕೂ ಎಷ್ಟು ಬಿಲ್ ಬರುತ್ತದೆ ಎನ್ನುವುದು ನನ್ನ ದಿನದ ಕೆಲಸ. ಹಾಗಾಗಿ ಇಲ್ಲ ಎನ್ನುವ ಮೊದಲು ಸರಿಯಾಗಿ ಓದೋಣ ಎಂದು ಕೂತೆ. ನಮ್ಮ ಪ್ಲಾಂಟಿನ ಕ್ವಾಲಿಟಿ ವಿಭಾಗದ ಗೆಳೆಯರ ತಲೆಯನ್ನೂ ತಿಂದೆ. ತಿಳಿದದ್ದು ಇಲ್ಲಿದೆ.

ಬೂದಿ ಎಷ್ಟು ಬರುತ್ತದೆ?

ಮೊದಲು ಸರಳ ಲೆಕ್ಕ. ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟು. ಹೊಟ್ಟನ್ನು ಸುಟ್ಟರೆ ಅದರ ತೂಕದಲ್ಲಿ ಮತ್ತೆ ಸುಮಾರು ಐದರಲ್ಲಿ ಒಂದು ಪಾಲು ಬೂದಿ. ಅಂದರೆ 1,000 ಕಿಲೋ ಭತ್ತಕ್ಕೆ 200 ಕಿಲೋ ಹೊಟ್ಟು, 40 ಕಿಲೋ ಬೂದಿ. ಬೇರೆ ಕಟ್ಟಿಗೆ, ಕಡ್ಡಿ ಸುಟ್ಟರೆ ಇಷ್ಟು ಬೂದಿ ಉಳಿಯುವುದಿಲ್ಲ. ಕಾರಣ, ಭತ್ತದ ಗಿಡ ಮಣ್ಣಿನಿಂದ ಸಿಲಿಕಾ ಹೀರಿಕೊಂಡು ಹೊಟ್ಟಿನಲ್ಲಿ ಕೂಡಿಡುತ್ತದೆ. ಈ ಬೂದಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾನೇ. ನಮ್ಮ ಅಜ್ಜಿಯರು ಪಾತ್ರೆ ತಿಕ್ಕಲು ಬೂದಿ ಬಳಸುತ್ತಿದ್ದರಲ್ಲ, ಹೊಟ್ಟಿನ ಬೂದಿ ಅಷ್ಟು ಚೆನ್ನಾಗಿ ತಿಕ್ಕುವುದೂ ಈ ಸಿಲಿಕಾದಿಂದಲೇ.

ಮಾವನ ಮಿಲ್ಲು ದಿನಕ್ಕೆ 100 ಟನ್ ಭತ್ತ ಅರೆಯುತ್ತದೆ, ವರ್ಷಕ್ಕೆ 200 ದಿನ ನಡೆಯುತ್ತದೆ ಎಂದುಕೊಳ್ಳಿ. ಎಲ್ಲ ಹೊಟ್ಟನ್ನೂ ಸುಟ್ಟರೆ ದಿನಕ್ಕೆ 4 ಟನ್, ವರ್ಷಕ್ಕೆ 800 ಟನ್ ಬೂದಿ. ಭಾವಮೈದನ ಶೀಟಿನಲ್ಲಿ ಇದ್ದದ್ದು ಇದೇ 800 ಟನ್. ಬೆಲೆ ಟನ್ನಿಗೆ 8,000, ಅಂದರೆ 50 ಕಿಲೋ ಸಿಮೆಂಟ್ ಚೀಲಕ್ಕೆ 400 ರೂಪಾಯಿ ಲೆಕ್ಕ. ಗುಣಿಸಿದರೆ 64 ಲಕ್ಷ. ಗುಣಾಕಾರ ಸರಿಯಾಗಿದೆ. ತಪ್ಪು ಇರುವುದು ಗುಣಿಸಿದ ಎರಡೂ ಅಂಕಿಗಳಲ್ಲಿ.

ಸಿಮೆಂಟಿನ ಕೆಲಸ ಬೂದಿ ಹೇಗೆ ಮಾಡುತ್ತದೆ?

ಸಿಮೆಂಟ್ ತಯಾರಿಸಲು ಸುಣ್ಣದಕಲ್ಲನ್ನು ಜೇಡಿಮಣ್ಣಿನ ಜತೆ ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಟ್ಟು ಕ್ಲಿಂಕರ್ ಮಾಡುತ್ತಾರೆ. ಸುಣ್ಣದಕಲ್ಲು ಕಾಯ್ದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಲ್ಲಿದ್ದಲಿನ ಬದಲು ಸೋಲಾರ್ ಹಾಕಿದರೂ ಕಲ್ಲಿನಿಂದ ಬರುವ ಈ ಅನಿಲ ನಿಲ್ಲುವುದಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ಆದ್ದರಿಂದ ಕ್ಲಿಂಕರ್ ಕಡಿಮೆ ಬಳಸುವುದೇ ದೊಡ್ಡ ದಾರಿ.

ಸಿಮೆಂಟಿಗೆ ನೀರು ಬಿದ್ದಾಗ ಎರಡು ವಸ್ತು ಹುಟ್ಟುತ್ತವೆ. ಒಂದು, ಕಲ್ಲು ಮರಳನ್ನು ಹಿಡಿದಿಡುವ ಅಂಟು. ಇನ್ನೊಂದು, ಶಕ್ತಿಗೆ ಹೆಚ್ಚೇನೂ ಉಪಯೋಗವಿಲ್ಲದ ಸುಣ್ಣ. ಒಳ್ಳೆಯ ಬೂದಿಯ ಸಿಲಿಕಾ ಈ ಸುಣ್ಣದ ಜತೆ ಸೇರಿ ಇನ್ನಷ್ಟು ಅಂಟು ಮಾಡುತ್ತದೆ, ಸಣ್ಣ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಇದರಿಂದ ಕಾಂಕ್ರೀಟಿನೊಳಗೆ ನೀರು, ಉಪ್ಪು ಇಳಿಯುವುದು ಕಡಿಮೆಯಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುವುದು ತಡವಾಗುತ್ತದೆ. ಸಮುದ್ರದ ಪಕ್ಕದಲ್ಲೇ ಕಟ್ಟುವ ನಮ್ಮ ಗಲ್ಫ್‌ನವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಇದು ಹೊಸ ವಿದ್ಯೆಯೂ ಅಲ್ಲ. ರೋಮನ್ನರು ಇಟಲಿಯ ಪೊಝುವೋಲಿ ಊರಿನ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಕಟ್ಟಿದರು. ಇಂಥ ವಸ್ತುಗಳಿಗೆಲ್ಲ ಪೊಝೊಲಾನಾ ಎಂಬ ಹೆಸರು ಬಂದದ್ದು ಆ ಊರಿನಿಂದ. ಭತ್ತದ ಹೊಟ್ಟಿನ ಬೂದಿಯ ಮೇಲೆ 1970ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಪಿ. ಕೆ. ಮೆಹ್ತಾ ಕೆಲಸ ಮಾಡಿ ಪೇಟೆಂಟ್ ಪಡೆದಿದ್ದರು. ಭಾರತದ ಕಾಂಕ್ರೀಟ್ ನಿಯಮಾವಳಿ ಐಎಸ್ 456:2000 ಕೂಡ ಹೊಟ್ಟಿನ ಬೂದಿಯ ಹೆಸರನ್ನೇ ಹೇಳಿ, ಗುಣಮಟ್ಟ ಮತ್ತು ಏಕರೂಪತೆ ಇದ್ದರೆ ಅಧಿಕಾರಿಯ ಒಪ್ಪಿಗೆಯೊಂದಿಗೆ ಬಳಸಬಹುದು ಎನ್ನುತ್ತದೆ.

ಹಾಗಾದರೆ ಐವತ್ತು ವರ್ಷದಿಂದ ಗೊತ್ತಿರುವ ವಿಷಯ ಇನ್ನೂ ಊರೂರಿನ ವ್ಯಾಪಾರ ಯಾಕೆ ಆಗಿಲ್ಲ? ಹಣ ಹಾಕುವವರು ಕೇಳಬೇಕಾದ ಪ್ರಶ್ನೆ ಇದು.

ಎಲ್ಲ ಬೂದಿಯೂ ಒಂದೇ ಅಲ್ಲ

ಮೊದಲ ಉತ್ತರ ಸುಡುವ ರೀತಿಯಲ್ಲಿದೆ. ಹೊಟ್ಟನ್ನು ಸುಮಾರು 500ರಿಂದ 700 ಡಿಗ್ರಿಯೊಳಗೆ ಹಿಡಿತದಲ್ಲಿಟ್ಟು ಸುಟ್ಟರೆ ಸಿಲಿಕಾ ಗಾಜಿನಂಥ, ಸುಣ್ಣದ ಜತೆ ಸೇರುವ ರೂಪದಲ್ಲಿ ಉಳಿಯುತ್ತದೆ. ಶಾಖ ಅದಕ್ಕಿಂತ ಬಹಳ ಮೇಲೆ ಹೋದರೆ ಅದೇ ಸಿಲಿಕಾ ಹರಳುಗಟ್ಟುತ್ತದೆ. ಹರಳುಗಟ್ಟಿದ ಮೇಲೆ ಅದು ನುಣ್ಣನೆಯ ಮರಳು ಇದ್ದಂತೆ, ಸಿಮೆಂಟಿನ ಕೆಲಸ ಮಾಡುವುದಿಲ್ಲ. ಇನ್ನೊಂದು ಕಡೆ, ಗಾಳಿ ಸಾಲದೆ ಅರ್ಧಂಬರ್ಧ ಸುಟ್ಟರೆ ಬೂದಿಯಲ್ಲಿ ಇಂಗಾಲ ಉಳಿಯುತ್ತದೆ. ಬೂದಿ ಕಪ್ಪಗಿರುವುದು ಅದರಿಂದ.

ರೈಸ್ ಮಿಲ್ಲಿನ ಬಾಯ್ಲರ್ ಇರುವುದು ಭತ್ತ ಕುದಿಸಲು ಹಬೆ ಕೊಡುವುದಕ್ಕೆ, ಒಳ್ಳೆಯ ಬೂದಿ ತಯಾರಿಸುವುದಕ್ಕಲ್ಲ. ಇವತ್ತಿನ ಬೂದಿ ಒಂದು ತರಹ, ನಾಳಿನದು ಇನ್ನೊಂದು ತರಹ. ಇಂಗಾಲ ಹೆಚ್ಚಿದ್ದರೆ ಅದು ಕಾಂಕ್ರೀಟಿಗೆ ಹಾಕುವ ರಾಸಾಯನಿಕಗಳನ್ನು ಹೀರಿಕೊಳ್ಳುತ್ತದೆ. ಬೂದಿಯ ಕಣವಂತೂ ಸ್ಪಂಜಿನ ಹಾಗೆ ತೂತು ತೂತು, ನೀರು ಹೆಚ್ಚು ಕೇಳುತ್ತದೆ. ನೀರು ಹೆಚ್ಚಿಸಿದರೆ ಕಾಂಕ್ರೀಟಿನ ಶಕ್ತಿ ಇಳಿಯುತ್ತದೆ, ಹೆಚ್ಚಿಸಬಾರದು ಎಂದರೆ ದುಬಾರಿಯ ಪ್ಲಾಸ್ಟಿಸೈಜರ್ ಹಾಕಬೇಕು. ನುಣ್ಣಗೆ ಅರೆದ ಒಳ್ಳೆ ಬೂದಿಯನ್ನು ಸಿಮೆಂಟಿನ ನೂರಕ್ಕೆ 10ರಿಂದ 20 ಪಾಲಿನ ಜಾಗದಲ್ಲಿ ಹಾಕಬಹುದು ಎನ್ನುವುದು ಸಾಮಾನ್ಯ ಅನುಭವ.

ಇದೇ ಕಾರಣಕ್ಕೆ ನಾನು 25 ಲಕ್ಷದ ಮಾತಿಗಿಂತ ಮೊದಲು ಬೂದಿಯನ್ನು ಲ್ಯಾಬಿಗೆ ಕಳಿಸಲು ಹೇಳಿದೆ. ಮೂರು ಬೇರೆ ಬೇರೆ ವಾರದ ಮೂರು ಸ್ಯಾಂಪಲ್. ಖರ್ಚು ನನ್ನದು. ಒಂದು ಪರೀಕ್ಷೆಯಲ್ಲಿ ಬೂದಿಯನ್ನು ಕುಲುಮೆಯಲ್ಲಿ ಮತ್ತೆ ಸುಟ್ಟು ಎಷ್ಟು ತೂಕ ಕಳೆಯಿತು ಎಂದು ನೋಡುತ್ತಾರೆ. ಕಳೆದದ್ದರಲ್ಲಿ ಹೆಚ್ಚಿನದು ಇಂಗಾಲ. ಅಮೆರಿಕದ ಎಎಸ್‌ಟಿಎಂ ಸಿ618 ನಿಯಮದಲ್ಲಿ ನೈಸರ್ಗಿಕ ಪೊಝೊಲಾನಾಕ್ಕೆ ಇದರ ಮಿತಿ ನೂರಕ್ಕೆ 10. ಭಾರತದಲ್ಲಿ ಹಾರುಬೂದಿಗೆ ಇರುವ ಮಿತಿ 5. ಮಾವನ ಮಿಲ್ಲಿನ ಮೂರು ಸ್ಯಾಂಪಲ್‌ಗಳಲ್ಲಿ ಬಂದದ್ದು 9, 14 ಮತ್ತು 17.

17 ಕಂಡು ನನಗೆ ಅಷ್ಟು ಚಿಂತೆಯಾಗಲಿಲ್ಲ. ಚಿಂತೆಯಾದದ್ದು 9ಕ್ಕೂ 17ಕ್ಕೂ ಇರುವ ಅಂತರ ಕಂಡು. ಕಾಂಕ್ರೀಟ್ ಮಾಡುವವನಿಗೆ ಸಾಧಾರಣ ಮಾಲಾದರೂ ಪರವಾಗಿಲ್ಲ, ದಿನಕ್ಕೊಂದು ಬಣ್ಣದ ಮಾಲು ಬೇಡ. ಒಂದು ಸ್ಲ್ಯಾಬ್ 28 ದಿನದ ಪರೀಕ್ಷೆಯಲ್ಲಿ ಬಿದ್ದರೆ ಒಡೆದು ಹಾಕುವ ಖರ್ಚು ಅವನ ಮೇಲೆ. ಟನ್ನಿಗೆ ಸಾವಿರ ರೂಪಾಯಿ ಉಳಿಸಲು ಯಾರೂ ಆ ಅಪಾಯಕ್ಕೆ ಕೈ ಹಾಕುವುದಿಲ್ಲ.

ಪೈಪೋಟಿ ಪಕ್ಕದಲ್ಲೇ ಇದೆ

ಎರಡನೇ ಉತ್ತರ ಭೂಗೋಳದಲ್ಲಿದೆ. ಗಂಗಾವತಿ ಭತ್ತದ ಕಣಜ, ನಿಜ. ಆದರೆ ಸುತ್ತ ನೋಡಿ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿವೆ, ಅಲ್ಲಿ ಹಾರುಬೂದಿ. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ಇದೆ, ಅಲ್ಲಿ ಸ್ಲ್ಯಾಗ್. ಎರಡೂ ಸಿಮೆಂಟಿನ ಬದಲು ಹಾಕುವ ವಸ್ತುಗಳೇ. ಎರಡಕ್ಕೂ ಪ್ರತ್ಯೇಕ ಐಎಸ್ ನಿಯಮ, ಪ್ರತಿ ಲೋಡಿಗೂ ಪರೀಕ್ಷಾ ಪತ್ರ, ವರ್ಷಪೂರ್ತಿ ಸರಬರಾಜು. ಮೇಲಾಗಿ ಸ್ಥಾವರಗಳು ತಮ್ಮ ಬೂದಿಯನ್ನು ಪೂರ್ತಿ ಬಳಕೆಗೆ ಒದಗಿಸಬೇಕು ಎಂದು ಕೇಂದ್ರ ಪರಿಸರ ಸಚಿವಾಲಯದ 2021ರ ಅಧಿಸೂಚನೆ ಹೇಳುತ್ತದೆ. ಬೂದಿ ಸಾಗಿದರೆ ಸಾಕು ಎನ್ನುವವರ ಎದುರು ಬೂದಿ ಮಾರಲು ಹೋಗಬೇಕು.

ಇದೇ ವ್ಯಾಪಾರಕ್ಕೆ ಬೇರೆ ಕಡೆ ಬೇರೆ ಲೆಕ್ಕ ಬರಬಹುದು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು, ಅಲ್ಲಿ ಇನ್ನು ಹೊಸ ಹಾರುಬೂದಿ ಹುಟ್ಟುವುದಿಲ್ಲ. ಶಾರ್ಜಾದಲ್ಲಿ ನಾವು ಬಳಸುವ ಸ್ಲ್ಯಾಗ್ ಹಡಗಿನಲ್ಲಿ ಬರುತ್ತದೆ. ಕಲ್ಲಿದ್ದಲು ಕಡಿಮೆಯಾದಂತೆ ಕೃಷಿ ಬೂದಿಯ ಬೆಲೆ ಏರಬಹುದು ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಆ ಜಾಗಕ್ಕೆ ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಪುಡಿ ಬೆರೆಸಿದ ಎಲ್‌ಸಿ3 ಸಿಮೆಂಟ್ ಕೂಡ ಕಾಯುತ್ತಿದೆ. ಭಾರತದಲ್ಲಿ 2023ರಲ್ಲಿ ಅದಕ್ಕೂ ನಿಯಮ ಬಂದಾಯಿತು.

ಈಗ ನನ್ನ ಲೆಕ್ಕ

ಭಾವಮೈದನ 800 ಟನ್ ಮೊದಲು. ಮಿಲ್ಲಿನವರು ಎಲ್ಲ ಹೊಟ್ಟನ್ನೂ ಸುಡುವುದಿಲ್ಲ, ಉಳಿದದ್ದನ್ನು ಇಟ್ಟಿಗೆ ಭಟ್ಟಿಗೆ, ಬೇರೆ ಬಾಯ್ಲರ್‌ಗಳಿಗೆ ಮಾರುತ್ತಾರೆ. ಬೂದಿಗಾಗಿ ಅದನ್ನೂ ಸುಟ್ಟರೆ? ಒಂದು ಟನ್ ಬೂದಿಗೆ 5 ಟನ್ ಹೊಟ್ಟು ಬೇಕು. ಹೊಟ್ಟಿಗೆ ಟನ್ನಿಗೆ 2,500 ಎಂದು ಹಿಡಿದರೂ 12,500 ರೂಪಾಯಿಯ ಹೊಟ್ಟು ಸುಟ್ಟು 8,000 ರೂಪಾಯಿಯ ಬೂದಿ ಮಾಡಿದಂತೆ! ಬೂದಿ ಹಬೆಯ ಹಿಂದೆ ತಾನಾಗಿ ಬರಬೇಕು, ಅದಕ್ಕಾಗಿಯೇ ಸುಡಬಾರದು. ಹಾಗಾಗಿ 400 ಟನ್ ಎಂದು ಹಿಡಿದೆ.

ಬೆಲೆ ಸಿಮೆಂಟಿನಷ್ಟು ಸಿಗುವುದಿಲ್ಲ. ಸಿಮೆಂಟಿನ ಬೆಲೆಗೇ ಕೊಡುವುದಾದರೆ ಗಿರಾಕಿ ಸಿಮೆಂಟನ್ನೇ ತರುತ್ತಾನೆ. ಅರೆದು, ಚೀಲ ತುಂಬಿ, ಪರೀಕ್ಷಾ ಪತ್ರದೊಂದಿಗೆ ಮುಟ್ಟಿಸಿದರೆ ಟನ್ನಿಗೆ 3,500 ಎಂದುಕೊಂಡೆ. ಖರ್ಚು: ಕರೆಂಟು 600, ಚೀಲ ಮತ್ತು ಕೂಲಿ 700, ಪರೀಕ್ಷೆ ಮತ್ತು ರಿಪೇರಿ 500, ಲಾರಿ ಬಾಡಿಗೆ 900, ಒಟ್ಟು 2,700. ಉಳಿಯುವುದು ಟನ್ನಿಗೆ 800, ವರ್ಷಕ್ಕೆ 3.2 ಲಕ್ಷ. 25 ಲಕ್ಷಕ್ಕೆ ಶೇಕಡ 12.8. ಕೇಳಲು ಚೆನ್ನಾಗಿದೆ. ಆದರೆ ಸಿಲಿಕಾ ಅರೆಯುವ ಯಂತ್ರ ಬೇಗ ಸವೆಯುತ್ತದೆ. 20 ಲಕ್ಷದ ಯಂತ್ರಕ್ಕೆ 10 ವರ್ಷ ಆಯುಸ್ಸು ಎಂದರೂ ವರ್ಷಕ್ಕೆ 2 ಲಕ್ಷ ಸವಕಳಿ. ಉಳಿದದ್ದು 1.2 ಲಕ್ಷ, ಅಂದರೆ ಶೇಕಡ 4.8. ನನ್ನ ಎನ್‌ಆರ್‌ಇ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ, ಅದೂ ಭಾರತದಲ್ಲಿ ತೆರಿಗೆ ಇಲ್ಲದೆ, ಬಟ್ಟೆ ಕರ್ರಗಾಗದೆ.

ಇದು ಒಳ್ಳೆಯ ವರ್ಷದ ಲೆಕ್ಕ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ರಾತ್ರಿ ನಮ್ಮ ಕಡೆಯವರು ಯಾರೂ ನಿದ್ದೆ ಮಾಡಿರಲಿಕ್ಕಿಲ್ಲ. ಕಾಲುವೆಗೆ ನೀರಿಲ್ಲದಿದ್ದರೆ ಎರಡನೇ ಬೆಳೆ ಇಲ್ಲ, ಭತ್ತವಿಲ್ಲದಿದ್ದರೆ ಮಿಲ್ಲಿಲ್ಲ, ಮಿಲ್ಲು ನಿಂತರೆ ಬೂದಿಯೂ ಇಲ್ಲ. 200 ಟನ್‌ಗೆ ಇಳಿದರೆ ಉಳಿಯುವುದು 1.6 ಲಕ್ಷ, ಸವಕಳಿ 2 ಲಕ್ಷ. ನಷ್ಟ.

ಇನ್ನು ಗಾತ್ರ. ದಿನಕ್ಕೆ 300 ಕ್ಯುಬಿಕ್ ಮೀಟರ್ ಮಾಡುವ ಒಂದು ರೆಡಿಮಿಕ್ಸ್ ಪ್ಲಾಂಟ್, ಪ್ರತಿ ಮೀಟರ್‌ಗೆ 350 ಕಿಲೋ ಸಿಮೆಂಟಿನಲ್ಲಿ ನೂರಕ್ಕೆ 10 ಪಾಲು ಬೂದಿ ಹಾಕಿದರೆ ದಿನಕ್ಕೆ ಹತ್ತೂವರೆ ಟನ್ ಬೇಕು. ಮಾವನ ಇಡೀ ವರ್ಷದ 400 ಟನ್ ಅವರಿಗೆ 38 ದಿನಕ್ಕೆ ಮುಗಿಯುತ್ತದೆ. 38 ದಿನದ ಮಾಲಿಗಾಗಿ ಯಾವ ಪ್ಲಾಂಟೂ ಬೇರೆ ಸೈಲೋ ನಿಲ್ಲಿಸುವುದಿಲ್ಲ.

"ಕಾರ್ಬನ್ ಕ್ರೆಡಿಟ್ ಬರ್ತಾವಲ್ಲ ಭಾವಾ" ಎಂದ ಮಾವನ ಮಗ. 400 ಟನ್ ಸಿಮೆಂಟ್ ಉಳಿದರೆ ಹೆಚ್ಚೆಂದರೆ 340 ಟನ್‌ನಷ್ಟು ಇಂಗಾಲದ ಡೈಆಕ್ಸೈಡ್ ಉಳಿಯಬಹುದು. ಟನ್ನಿಗೆ 10 ಡಾಲರ್ ಹಿಡಿದರೆ 3,400 ಡಾಲರ್. ಲೆಕ್ಕ ಪರಿಶೀಲಿಸಲು ಬರುವವರ ಫೀಸಿಗೇ ಅದು ಸಾಲದು. ಅಲ್ಲದೆ ಗಿರಾಕಿ ನಮ್ಮ ಬೂದಿ ಇಲ್ಲದಿದ್ದರೆ ಹಾರುಬೂದಿ ಹಾಕುತ್ತಿದ್ದ ಎಂದಾದರೆ ಉಳಿದದ್ದು ಹಾರುಬೂದಿ, ಸಿಮೆಂಟಲ್ಲ. ಆಗ ಕ್ರೆಡಿಟ್ ಕೇಳಲು ಬಾಯಿಯೇ ಇಲ್ಲ.

ಎನ್‌ಆರ್‌ಐ ದುಡ್ಡಿನ ದಾರಿ

ಇದನ್ನು ಬಹಳ ಜನ ಕೊನೆಗೆ ನೋಡುತ್ತಾರೆ, ಮೊದಲು ನೋಡಬೇಕು. ಊರಿನ ಮಿಲ್ಲುಗಳು ಹೆಚ್ಚಾಗಿ ಒಬ್ಬರ ಹೆಸರಿನ ಅಥವಾ ಪಾಲುದಾರಿಕೆಯ ಸಂಸ್ಥೆಗಳು. ಫೆಮಾ ನಿಯಮದಂತೆ ಎನ್‌ಆರ್‌ಐ ಇಂಥದ್ದರಲ್ಲಿ ಬಂಡವಾಳ ಹಾಕಬಹುದು, ಆದರೆ ವಾಪಸ್ ಒಯ್ಯದ ಆಧಾರದ ಮೇಲೆ. ಕೃಷಿ, ಪ್ಲಾಂಟೇಶನ್, ರಿಯಲ್ ಎಸ್ಟೇಟ್ ವ್ಯವಹಾರ, ಮುದ್ರಣ ಮಾಧ್ಯಮದ ಸಂಸ್ಥೆಗಳಲ್ಲಿ ಹಾಕುವಂತಿಲ್ಲ. ಹಾಕಿದ ಹಣ, ಬಂದ ಲಾಭ ಎನ್‌ಆರ್‌ಒ ಖಾತೆಗೆ ಬರುತ್ತದೆ. ಅಲ್ಲಿಂದ ತೆರಿಗೆ ಕಟ್ಟಿ, ಕಾಗದ ಪತ್ರ ಕೊಟ್ಟು ಹೊರಗೆ ತರಬಹುದು, ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೊಳಗೆ. ಅಮೆರಿಕದಲ್ಲಿರುವವರು ಆ ಲಾಭವನ್ನು ಅಲ್ಲಿನ ತೆರಿಗೆಗೂ ತೋರಿಸಬೇಕು. ಮನೆಯವರೇ ಅಲ್ವಾ ಎಂದು ಬಾಯಿಮಾತಿನಲ್ಲಿ ದುಡ್ಡು ಕಳಿಸಬೇಡಿ. ನಿಮ್ಮ ಸಿಎ ಹತ್ತಿರ ಹೋಗಿ ಬರವಣಿಗೆಯಲ್ಲಿ ಮಾಡಿಸಿ.

ಕೊನೆಗೆ ಏನು ಮಾಡಿದೆ?

25 ಲಕ್ಷ ಕೊಡುವುದಿಲ್ಲ ಎಂದು ಹೇಳಿದೆ. ಇಷ್ಟು ಬರೆಯುವುದು ಸುಲಭ, ಮಾವನಿಗೆ ಹೇಳುವುದು ಸುಲಭವಿರಲಿಲ್ಲ. ನನ್ನ ಡಿಪ್ಲೊಮಾದ ಮೊದಲ ವರ್ಷದ ಫೀಸು ಕಟ್ಟಿದವರು ಅವರು. ಎರಡು ವಾರ ಫೋನ್ ಬರಲಿಲ್ಲ. ಅಮ್ಮ ಮಾತ್ರ "ನಿಮ್ಮ ಮಾವ ಯಾಕೋ ಸಪ್ಪಗ ಅದಾನ" ಎಂದರು.

ನಾನೇ ಮತ್ತೆ ಫೋನ್ ಮಾಡಿ ಒಂದು ವಿಷಯ ಹೇಳಿದೆ, ದುಡ್ಡಿನದಲ್ಲ. ವಿಪರೀತ ಶಾಖದಲ್ಲಿ ಹರಳುಗಟ್ಟಿದ ಸಿಲಿಕಾ ದೂಳು ವರ್ಷಗಟ್ಟಲೆ ಉಸಿರಿಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೂ ಅದು ಕಾರಣ. ಬೂದಿ ಎತ್ತುವ ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಂಡು ಕೆಲಸ ಮಾಡುವುದನ್ನು ನಾನೇ ನೋಡಿದ್ದೇನೆ. ಬೂದಿ ಮಾರಿದರೂ ಮಾರದಿದ್ದರೂ ಅದಕ್ಕೆ ನೀರು ಸಿಂಪಡಿಸಿ, ಮುಚ್ಚಿಡಿ, ಒಳ್ಳೆ ಮಾಸ್ಕ್ ಕೊಡಿಸಿ, ಆ ಖರ್ಚು ನಾನು ಕೊಡುತ್ತೇನೆ ಎಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೊದಲ ಅದನ್ನ ಮಾಡೂಣು" ಎಂದರು. ಮಾತು ಮತ್ತೆ ಶುರುವಾಯಿತು.

ಆಮೇಲೆ ಸಣ್ಣದಾಗಿ ಹೊರಟೆವು. ಬಾಯ್ಲರ್ ನೋಡಿಕೊಳ್ಳುವವರಿಂದ ಗಾಳಿಯ ಪ್ರಮಾಣ ಸರಿಮಾಡಿಸಿದೆವು. ಎರಡು ತಿಂಗಳ ನಂತರದ ಸ್ಯಾಂಪಲ್‌ಗಳಲ್ಲಿ ಇಂಗಾಲ 8ರಿಂದ 10ರೊಳಗೆ ನಿಂತಿತು. ಹೊಸ ಬಾಲ್ ಮಿಲ್ ಕೊಳ್ಳದೆ ಬಾಡಿಗೆಗೆ ಅರೆಸಿದೆವು. ಗಿರಾಕಿ ಎಂದು ರೆಡಿಮಿಕ್ಸ್ ಪ್ಲಾಂಟನ್ನು ನೋಡದೆ, ಅಲ್ಲೇ ಹತ್ತಿರದಲ್ಲಿ ಪೇವರ್ ಬ್ಲಾಕ್ ಮಾಡುವ ಒಬ್ಬರನ್ನು ಹಿಡಿದೆವು. ಪೇವರ್ ಬ್ಲಾಕ್ ಮುರಿದರೆ ಒಂದು ಬ್ಲಾಕ್ ಬದಲಿಸಿದರಾಯಿತು, ಯಾರ ತಲೆಯ ಮೇಲೂ ಬೀಳುವುದಿಲ್ಲ. ಲಾರಿ ಬಾಡಿಗೆಯೂ ಇಲ್ಲದಷ್ಟು. ನೂರಕ್ಕೆ 10 ಪಾಲು ಬೂದಿ ಹಾಕಿದ ಬ್ಲಾಕುಗಳು 7ನೇ ದಿನ ಸ್ವಲ್ಪ ಹಿಂದಿದ್ದವು, 28ನೇ ದಿನ ಮಾಮೂಲಿ ಬ್ಲಾಕುಗಳ ಸಮಕ್ಕೆ ಬಂದವು. ಬಣ್ಣ ಮಾತ್ರ ತುಸು ಕಪ್ಪು. ಲ್ಯಾಬು, ಬಾಡಿಗೆ, ಮಾಸ್ಕು ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು 1 ಲಕ್ಷದ 10 ಸಾವಿರ. 25 ಲಕ್ಷದ ತಪ್ಪು ಮಾಡದಿರಲು ಕೊಟ್ಟ ಫೀಸು ಎಂದುಕೊಂಡಿದ್ದೇನೆ.

ನಿಮಗೂ ಇಂಥ ಕರೆ ಬಂದರೆ, ಬೂದಿಯಾಗಲಿ ಬೇರೆ ಏನೇ ಆಗಲಿ, ಐದು ಪ್ರಶ್ನೆ ಕೇಳಿ. ಕಚ್ಚಾಮಾಲಿಗೆ ಈಗಾಗಲೇ ಬೇರೆ ಬೆಲೆ ಇದೆಯೇ? ಮಾಲಿನ ಗುಣ ದಿನದಿನವೂ ಒಂದೇ ಇರುತ್ತದೆ ಎನ್ನುವುದಕ್ಕೆ ಕಾಗದ ಎಲ್ಲಿದೆ? ಗಿರಾಕಿ ಯಾರು, ಬರವಣಿಗೆಯಲ್ಲಿ ಒಪ್ಪಿದ್ದಾನೆಯೇ? ನೂರು ಕಿಲೋಮೀಟರಿನೊಳಗೆ ಇದೇ ಕೆಲಸಕ್ಕೆ ಅಗ್ಗದ ವಸ್ತು ಏನಿದೆ? ಮಳೆ ಕೈಕೊಟ್ಟ ವರ್ಷ ಏನಾಗುತ್ತದೆ?

ಮಾವ ಈಗ ಅಕ್ಕಪಕ್ಕದ ನಾಲ್ಕು ಮಿಲ್ಲಿನವರ ಜತೆ ಮಾತಾಡುತ್ತಿದ್ದಾರೆ. ಐದು ಮಿಲ್ಲಿನ ಬೂದಿ ಒಂದೇ ಕಡೆ ಅರೆದರೆ ಯಂತ್ರದ ಖರ್ಚು ಹಂಚಿಹೋಗುತ್ತದೆ, ಆಗ ಲೆಕ್ಕ ಬೇರೆಯಾಗುತ್ತದೆ. ಎರಡು ಹಂಗಾಮಿನ ಪರೀಕ್ಷಾ ಪತ್ರ, ಎರಡು ಗಿರಾಕಿಗಳ ಸಹಿ ಬಂದರೆ ನನ್ನ ಪಾಲು ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಆ ಹಣ ಠೇವಣಿಯಲ್ಲೇ ಇದೆ.

ಮೊದಲ ಬ್ಯಾಚಿನ ಬ್ಲಾಕುಗಳನ್ನು ಮಾವ ತಮ್ಮ ಮಿಲ್ಲಿನ ಗೇಟಿನ ಒಳಗೇ ಹಾಸಿಸಿದ್ದಾರೆ. ಭತ್ತದ ಲಾರಿಗಳು ಅವುಗಳ ಮೇಲೇ ಓಡಾಡುತ್ತವೆ. ಈ ಸಲ ರಜೆಗೆ ಹೋದಾಗ ಎಷ್ಟು ಒಡೆದಿವೆ ಎಂದು ಎಣಿಸಿ ಇಲ್ಲಿಯೇ ಬರೆಯುತ್ತೇನೆ.

(ಮೇಲಿನ ಬೆಲೆ, ಖರ್ಚುಗಳು ನನ್ನ ಲೆಕ್ಕಕ್ಕೆ ನಾನು ಹಿಡಿದುಕೊಂಡವು. ನಿಮ್ಮ ಊರಿನ ಅಂಕಿ ಬೇರೆ ಇರುತ್ತವೆ. ಇದು ಹೂಡಿಕೆಯ ಸಲಹೆಯಲ್ಲ, ನನ್ನ ಅನುಭವ ಅಷ್ಟೇ.)